ಬ್ಯಾಂಕಿನವರ ಜೀವನ ವಿವರ ಬರೆಯುವ ಬಗೆ

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರಾದರೂ ತೀರಿಕೊಂಡು ಪ್ರಭುವಿನ ಬಳಿಗೆ ಸೇರಿದರೆ ಮನೆಯವರ ಮೊದಲ ಫೋನು ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ಎರಡನೆಯದು ಪೆಟ್ಟಿಗೆ ಮಾಡುವವರಿಗೆ, ಮೂರನೆಯದು ನನಗೆ. “ಟೀಚರೇ, ಜೀವನ ವಿವರ ಒಂದು ಬರೆದುಕೊಡಿ, ನಾಳೆ ಹತ್ತೂವರೆಗೆ ಆರಾಧನೆ.” ಉಡುಪಿಯ ಕಡೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ಬಂದ ನಮ್ಮ ಸಭೆಯಲ್ಲಿ ಇದು ರೂಢಿ. ಪ್ರಸಂಗಕ್ಕೆ ಮೊದಲು ಒಬ್ಬರು ಎದ್ದು ನಿಂತು ತೀರಿಕೊಂಡವರ ಜೀವನವನ್ನು ಓದಬೇಕು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ಎಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತಿಯಾದ ಮೇಲೂ ಬಿಟ್ಟುಹೋಗಿಲ್ಲ.

ನರ್ಸುಗಳದ್ದು ಬರೆಯುವುದು ಸುಲಭ. ಮಿಷನ್ ಆಸ್ಪತ್ರೆಯಲ್ಲಿ ಅವರ ಕೈಯಲ್ಲಿ ಹುಟ್ಟಿದವರು ಎದುರಿಗೇ ಕುಳಿತಿರುತ್ತಾರೆ. ಮೇಷ್ಟ್ರುಗಳದ್ದೂ ಹಾಗೆಯೇ. ಕಷ್ಟ ಇರುವುದು ಬ್ಯಾಂಕಿನವರದ್ದು. ಅವರಿಗೆ ಊರಿಡೀ ಪರಿಚಯ, ಬಸ್‌ ಸ್ಟ್ಯಾಂಡಿನಿಂದ ಮನೆ ಮುಟ್ಟಲು ಒಂದು ಗಂಟೆ ಬೇಕು, ಅಷ್ಟು ಜನ ಮಾತಿಗೆ ಸಿಗುತ್ತಾರೆ. ಆದರೆ ಹತ್ತರಿಂದ ಆರರವರೆಗೆ ಅವರು ಒಳಗೆ ಕುಳಿತು ಏನು ಮಾಡುತ್ತಿದ್ದರೆಂದು ಹೆಂಡತಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಕೊನೆಗೆ ವಿವರದಲ್ಲಿ ಉಳಿಯುವುದು ಇಷ್ಟೇ: ಇಂಥ ವರ್ಷ ಕ್ಲರ್ಕ್, ಇಂಥ ವರ್ಷ ಆಫೀಸರ್, ಇಂಥ ವರ್ಷ ಮ್ಯಾನೇಜರ್, ನಿವೃತ್ತಿ, ದೈವಭಕ್ತರೂ ಸ್ನೇಹಜೀವಿಯೂ ಆಗಿದ್ದರು. ಹೆಸರು ಬದಲಿಸಿದರೆ ಯಾರಿಗೂ ಹೊಂದುತ್ತದೆ.

ಹೊಂದಬಾರದು. ನನ್ನ ಸೋದರಮಾವನ ವಿವರ ಬರೆಯುವಾಗ ಹಿಡಿದ ದಾರಿಯನ್ನೇ ಇಲ್ಲಿ ಹೇಳುತ್ತೇನೆ. 1972ರಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಕ್ಲರ್ಕಾಗಿ ಸೇರಿ 2012ರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಗಾಯನ ತಂಡದಲ್ಲಿ ಬೇಸ್, ಅಂದರೆ ಗಂಡಸರ ತಗ್ಗಿನ ಸ್ವರ, ಹಾಡುತ್ತಿದ್ದರು, ಸಭೆಯ ಖಜಾಂಚಿಯಾಗಿದ್ದರು, ಬೆಳೆ ಹಬ್ಬದಲ್ಲಿ ಏಲಂ ಕೂಗುತ್ತಿದ್ದರು. ನನಗೊಬ್ಬಳಿಗಲ್ಲ, ಸಭೆಯ ಮಕ್ಕಳಿಗೆಲ್ಲ ಅವರು ಬ್ಯಾಂಕ್ ಮಾಮ.

ಮೊದಲು ಎರಡು ಬರಹಗಳನ್ನು ಬೇರೆ ಮಾಡಿಕೊಳ್ಳಿ. ಮಣ್ಣು ಮಾಡುವ ದಿನ ಓದುವುದು ಬೇರೆ, ತಿಂಗಳಾದ ಮೇಲೆ ಕೃತಜ್ಞತಾ ಆರಾಧನೆಗೋ ಮನೆಯವರ ಪುಸ್ತಿಕೆಗೋ ಬರೆಯುವುದು ಬೇರೆ. ಮೊದಲನೆಯದಕ್ಕೆ ಒಂದು ರಾತ್ರಿ ಮಾತ್ರ ಸಿಗುತ್ತದೆ. ಅದರಲ್ಲಿ ಜಾಣತನ ಬೇಡ. ಹುಟ್ಟು, ತಂದೆತಾಯಿ, ದೀಕ್ಷಾಸ್ನಾನ, ದೃಢೀಕರಣ, ಓದು, ಕೆಲಸ, ಮದುವೆ, ಸಭೆಯಲ್ಲಿ ಮಾಡಿದ ಸೇವೆ, ಅಗಲಿದ ದಿನ, ಉಳಿದವರು. ಕೈಬರಹದಲ್ಲಿ ಎರಡು ಪುಟ ಸಾಕು. ಕಾಯಿಲೆಯ ಕಥೆ ಬೇಡ, ಐಸಿಯುವಿನಲ್ಲಿ ಎಷ್ಟು ದಿನ ಎಂಬುದು ಬಂದವರಿಗೆಲ್ಲ ಗೊತ್ತು. ಉಳಿದವರ ಹೆಸರಿನ ಪಟ್ಟಿಯನ್ನು ಮಾತ್ರ ಮನೆಯ ಸೊಸೆಯೊಬ್ಬರಿಗೆ ಓದಿ ಹೇಳಿ, ಮಗಳಿಗೆ ಅಲ್ಲ. ದುಃಖದಲ್ಲಿರುವ ಮಗಳು ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಯಾವ ಅಳಿಯನ ಹೆಸರು ಬಿಟ್ಟುಹೋಗಿದೆ ಎಂದು ಥಟ್ಟನೆ ಹಿಡಿಯುವುದು ಸೊಸೆ.

ನಿಜವಾದ ಕೆಲಸ ಎರಡನೆಯ ಬರಹದ್ದು.

ಬ್ಯಾಂಕಿನ ಹೆಸರನ್ನು ಅವರು ಕೆಲಸ ಮಾಡಿದ ಕಾಲದಲ್ಲಿ ಬೋರ್ಡಿನ ಮೇಲೆ ಇದ್ದ ಹಾಗೆಯೇ ಬರೆಯಿರಿ. ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ವಿಜಯಾ, ಇಷ್ಟು ಬ್ಯಾಂಕು ಹುಟ್ಟಿದ ನೆಲ ಇದು. ಈಗ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನ. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಪೆನ್ಶನ್ ಕಾಗದದ ಮೇಲೆ ಇರುವುದು ಹೊಸ ಹೆಸರು. ಅದನ್ನು ನೋಡಿ ಮೊಮ್ಮಗ “ಅಜ್ಜ ಕೆನರಾ ಬ್ಯಾಂಕಿನಲ್ಲಿ ನಲವತ್ತು ವರ್ಷ” ಎಂದು ಬರೆದುಕೊಟ್ಟಿದ್ದ. ಸಿಂಡಿಕೇಟಿನವರು ಕೇಳಿದರೆ ಎದ್ದು ಬರುತ್ತಿದ್ದರು. ಸೋತು ಕುಳಿತ ಕರಾವಳಿಯ ಕೈಮಗ್ಗದವರಿಗೆ ನೆರವಾಗಲಿಕ್ಕೆಂದು ಶುರುವಾದದ್ದು ಆ ಬ್ಯಾಂಕು. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿ ತಂದದ್ದು ಅದು. ಮನೆಮನೆಗೆ ಹೋಗಿ ಮಾತಾಡಿಸಿ ದುಡ್ಡು ಕಟ್ಟಿಸುವ ಬ್ಯಾಂಕಿನಲ್ಲಿ ಬೆಳೆದವರಿಗೆ ಮಾತು ಒಂದು ಕಸುಬೇ ಆಗಿತ್ತು. ಮಾಮನ ಹರಟೆಯ ಬೇರು ಅರ್ಧ ಸ್ವಭಾವದಲ್ಲಿ, ಅರ್ಧ ಅಲ್ಲಿ.

ಇನ್ನು ಎರಡು ಕ್ಯಾಲೆಂಡರುಗಳನ್ನು ಅಕ್ಕಪಕ್ಕ ಇಡಿ: ಬ್ಯಾಂಕಿನದೊಂದು, ಸಭೆಯದೊಂದು. ಬೇರೆ ಯಾವ ಉಪಾಯಕ್ಕಿಂತ ಇದು ನನಗೆ ಹೆಚ್ಚು ಕೊಟ್ಟಿದೆ. 1980ರ ದಶಕದ ಕೊನೆಯವರೆಗೆ ಬ್ಯಾಂಕುಗಳ ಲೆಕ್ಕದ ವರ್ಷ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಕಂಪ್ಯೂಟರ್ ಇಲ್ಲ. ಪ್ರತಿ ಖಾತೆಯ ಬಡ್ಡಿಯನ್ನೂ ಕೈಯಲ್ಲೇ ಲೆಕ್ಕ ಹಾಕಿ, ಲೆಡ್ಜರುಗಳನ್ನೆಲ್ಲ ಕೂಡಿ, ಪೈಸೆ ತಾಳೆಯಾಗುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅದೇ ರಾತ್ರಿ ಸಭೆಯಲ್ಲಿ ವರ್ಷಾಂತ್ಯದ ಆರಾಧನೆ. ಹನ್ನೆರಡಕ್ಕೆ ಗಂಟೆ ಹೊಡೆದು, ಹೊಸ ವರ್ಷದ ಕೀರ್ತನೆ ಹಾಡಿ, ಒಬ್ಬರಿಗೊಬ್ಬರು ಕೈಕುಲುಕುವ ಆರಾಧನೆ. ಜನರನ್ನು ಕಂಡರೆ ಇಷ್ಟೊಂದು ಪ್ರೀತಿಯಿದ್ದ ಮನುಷ್ಯ ವರ್ಷದಲ್ಲಿ ಎಲ್ಲರೂ ಒಟ್ಟಿಗೆ ಸೇರುವ ಆ ಒಂದು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮೂರು ಪೈಸೆ ಹುಡುಕುತ್ತಿದ್ದರು. ಅತ್ತೆ ಮಕ್ಕಳನ್ನು ಕರೆದುಕೊಂಡು ಒಬ್ಬರೇ ಬರುತ್ತಿದ್ದರು. ತಾಳೆ ಬೇಗ ಸಿಕ್ಕಿದ ವರ್ಷ ಮಾಮ ಶಾಯಿ ಮೆತ್ತಿದ ಅಂಗಿಯಲ್ಲೇ ಓಡಿ ಬಂದು ಕೊನೆಯ ಆಶೀರ್ವಚನಕ್ಕೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಆಮೇಲೆ ಬ್ಯಾಂಕುಗಳ ವರ್ಷ ಮಾರ್ಚ್ 31ಕ್ಕೆ ಬದಲಾಯಿತು. ವರ್ಷಾಂತ್ಯದ ರಾತ್ರಿ ಬಿಡುಗಡೆಯಾಯಿತು, ಆದರೆ ಈಸ್ಟರ್ ಸಿಕ್ಕಿಕೊಂಡಿತು. 1991ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ, 2002ರಲ್ಲಿ ಮತ್ತೆ ಮಾರ್ಚ್ 31ಕ್ಕೆ. ಎರಡು ಸಲವೂ ಬೇಸ್ ಸಾಲಿನಲ್ಲಿ ಒಂದು ಜಾಗ ಖಾಲಿ. ಮೂರನೆಯ ಸಲ ಹಾಗೆ ಬಂದದ್ದು 2013ರಲ್ಲಿ, ಅವರು ನಿವೃತ್ತರಾದ ಮರುವರ್ಷ. ನಸುಕಿನ ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು ಗೇಟು ತೆಗೆಸಿದವರು ಮಾಮ. “ಇವತ್ತು ಕ್ಲೋಸಿಂಗ್ ಅಲ್ವಾ ಮಾಮ?” ಎಂದು ಯಾರೋ ಕೇಳಿದ್ದಕ್ಕೆ, “ಓಪನಿಂಗ್ ಮಾರಾಯ, ಓಪನಿಂಗ್! ಯೇಸುವಿನ ಸಮಾಧಿಯ ಕಲ್ಲು ಉರುಳಿದ್ದು ಕೇಳಿಸಲಿಲ್ಲವಾ?” ಅಂದರಂತೆ. ಈ ಒಂದು ಸಂಗತಿ ನನಗೆ ಸಿಕ್ಕಿದ್ದು ಯಾರೋ ಹೇಳಿ ಅಲ್ಲ. ದಿನಾಂಕ ನೋಡಿಕೊಂಡು ಗಾಯನ ತಂಡದವರ ಬಳಿ “ಆ ಈಸ್ಟರಿಗೆ ಏನಾಯಿತು?” ಎಂದು ಕೇಳಿದ್ದರಿಂದ. ಸುಮ್ಮನೆ “ಅವರ ಬಗ್ಗೆ ಏನಾದರೂ ಹೇಳಿ” ಎಂದರೆ ಜನ “ಒಳ್ಳೆಯವರು, ಪಾಪ” ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ದಿನಾಂಕ ಹಿಡಿದು ಕೇಳಿ.

ಕಪಾಟು ತೆರೆದಾಗ ಏನೇನು ನೋಡಬೇಕು? ಬ್ಯಾಂಕಿನವರ ಕಪಾಟು ಅಚ್ಚುಕಟ್ಟಾಗಿರುತ್ತದೆ, ಅದೇ ತೊಂದರೆ. ಎಲ್ಲವೂ ಫೈಲಿನಲ್ಲಿದೆ, ಎಲ್ಲವೂ ಮುಖ್ಯ ಅನ್ನಿಸುತ್ತದೆ. ವರ್ಗಾವಣೆಯ ಆದೇಶಗಳನ್ನು ತೆಗೆದಿಟ್ಟುಕೊಳ್ಳಿ, ಊರು ಮತ್ತು ವರ್ಷಕ್ಕೆ ಅವಕ್ಕಿಂತ ನಂಬಿಗಸ್ತ ಸಾಕ್ಷಿ ಇಲ್ಲ. ಬೀಳ್ಕೊಡುಗೆಯ ಮಾನಪತ್ರವನ್ನು ಓದಿ, ಮಡಚಿ, ಅಲ್ಲೇ ಇಡಿ. ಅದರಲ್ಲಿರುವ ವಿಶೇಷಣಗಳು ಅದೇ ವರ್ಷ ನಿವೃತ್ತರಾದ ಎಲ್ಲರ ಮಾನಪತ್ರದಲ್ಲೂ ಇವೆ. ಶಾಲು ಹೊದ್ದು ಹಾರ ಹಾಕಿಕೊಂಡ ಫೋಟೋ ಕೂಡ ಬೇಡ. ಹೊದೆಸಿದ ಶಾಲಿನಡಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಮಾತಾಡುತ್ತಿರುವ ಫೋಟೋ ಹುಡುಕಿ.

ಬ್ಯಾಂಕು ಪುಕ್ಕಟೆ ಕೊಡುವ ಡೈರಿಗಳನ್ನು ಬಿಡಬೇಡಿ. ಮಾಮ ಅದರಲ್ಲಿ ದಿನಚರಿ ಬರೆಯಲಿಲ್ಲ, ಹುಟ್ಟುಹಬ್ಬ ಬರೆದರು. ಎಡಕ್ಕೆ ಹೆಸರು, ನಡುವೆ ಊರು, ಬಲಕ್ಕೆ ಫೋನ್ ನಂಬರು, ಫೋನ್ ಮಾಡಿದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು. ಲೆಡ್ಜರನ್ನು ಟಿಕ್ ಮಾಡುವ ಹಾಗೆಯೇ. ವರ್ಷ ಮುಗಿದ ಕೂಡಲೇ ಹೊಸ ಡೈರಿಗೆ ಹೆಸರುಗಳೆಲ್ಲ ಇಳಿಯಬೇಕು. ತೀರಿಕೊಂಡವರ ಹೆಸರೂ ಇಳಿಯುತ್ತದೆ, ಆ ದಿನ ಅವರ ಮನೆಯವರಿಗೆ ಫೋನು. “ಸ್ನೇಹಜೀವಿಯಾಗಿದ್ದರು” ಎಂದು ಬರೆಯುವ ಜಾಗದಲ್ಲಿ ಈ ಡೈರಿಯ ಒಂದು ಪುಟದ ವಿವರಣೆ ಬರೆದೆ. ಹೆಸರು, ನಂಬರು ಹಾಕಲಿಲ್ಲ. ಅಂಥ ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಏರಿಸಬೇಡಿ. ಊರಿನವರೆಲ್ಲರ ಜನ್ಮದಿನಾಂಕ, ಫೋನ್ ನಂಬರು ಒಟ್ಟಿಗೆ ಸಿಕ್ಕಿದರೆ ವಂಚಕರಿಗೆ ಹಬ್ಬ. ಬ್ಯಾಂಕಿನವರ ಸಾವಿನಿಂದ ಅದು ಆಗಬಾರದು.

ಸಭೆಯ ಕಡೆಯಿಂದ ದೀಕ್ಷಾಸ್ನಾನದ, ಮದುವೆಯ ದಾಖಲೆ ಸಭಾಪಾಲಕರ ಬಳಿ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ವಾರ್ಷಿಕ ವರದಿಯ ಕೊನೆಯ ಪುಟಗಳು, ಯಾರೂ ಓದದ ಜಮಾಖರ್ಚು. ಖಜಾಂಚಿಯಾದವರ ನಿಜವಾದ ಕೈಬರಹ ಅಲ್ಲಿದೆ. ಮಾಮ ಬಂದ ಮೇಲೆ ‘ಇತರ ಖರ್ಚು’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗಿ ಕೊನೆಗೆ ಮಾಯವಾಯಿತು. ಮೊಂಬತ್ತಿ, ಗಂಟೆಯ ಹಗ್ಗ, ಹಾರ್ಮೋನಿಯಂ ರಿಪೇರಿ ಎಲ್ಲಕ್ಕೂ ಒಂದೊಂದು ಸಾಲು ಬಂತು. ಇದನ್ನು ಓದಿದಾಗ ಜನ ನಕ್ಕರು. ನಗಬಹುದು, ಶೋಕದ ದಿನದಲ್ಲೂ.

ಯಾರನ್ನು ಕೇಳಬೇಕು ಎಂಬುದರಲ್ಲಿ ನನ್ನದೊಂದು ಹಟ ಇದೆ. ಮೇಲಿನವರನ್ನು ಬಿಡಿ, ಕೆಳಗಿನವರನ್ನು ಕೇಳಿ. ರೀಜನಲ್ ಮ್ಯಾನೇಜರಿಗೆ ನೆನಪಿರುವುದು ಟಾರ್ಗೆಟ್ಟು. ಪಿಗ್ಮಿ ಏಜೆಂಟಿಗೆ, ಜವಾನನಿಗೆ, ಬಂದೂಕು ಹಿಡಿದು ಬಾಗಿಲಲ್ಲಿ ಕೂತ ಗಾರ್ಡಿಗೆ, ಎದುರಿನ ಹೋಟೆಲಿನವನಿಗೆ ಮನುಷ್ಯ ಗೊತ್ತು. “ಕೊನೆಗೆ ನಿಮಗೆ ಬೈದದ್ದು ಯಾವಾಗ?” ಎಂದು ಕೇಳಿ. ಈ ಪ್ರಶ್ನೆಗೆ ಸುಳ್ಳು ಉತ್ತರ ಬರುವುದಿಲ್ಲ. ಹೋಟೆಲಿನವ ಹೇಳಿದ್ದು: ಮಾಮ ಒಬ್ಬರೇ ಚಾ ಕುಡಿದದ್ದು ತಾನು ಕಂಡಿಲ್ಲ, ಯಾರೂ ಸಿಗದಿದ್ದರೆ ಗಲ್ಲಾದ ಬಳಿ ನಿಂತು ತನಗೇ ಕುಡಿಸುತ್ತಿದ್ದರು.

ಹಳ್ಳಿ ಶಾಖೆಯಲ್ಲಿ ಜೊತೆಗಿದ್ದ ಸಹೋದ್ಯೋಗಿಯೊಬ್ಬರು ದನದ ಕಿವಿಯ ಕಥೆ ಹೇಳಿದರು. ಐಆರ್‌ಡಿಪಿ ಎಂಬ ಸರಕಾರದ ಗ್ರಾಮೀಣಾಭಿವೃದ್ಧಿ ಯೋಜನೆಯ ಸಾಲದ ಕಾಲ. ಬ್ಯಾಂಕು ದನಕ್ಕೆ ಸಾಲ ಕೊಡುತ್ತಿತ್ತು, ದನಕ್ಕೆ ವಿಮೆ, ಕಿವಿಗೆ ನಂಬರಿನ ಬಿಲ್ಲೆ. ದನ ಸತ್ತರೆ ಬಿಲ್ಲೆ ಸಮೇತ ಕಿವಿ ತಂದು ತೋರಿಸಬೇಕು, ಇಲ್ಲವಾದರೆ ವಿಮೆ ಇಲ್ಲ. ಒಬ್ಬ ಅಜ್ಜಿ ಬಾಳೆಲೆಯಲ್ಲಿ ಕಟ್ಟಿದ ಕಿವಿಯನ್ನು ತಂದು ಮೇಜಿನ ಮೇಲೆ ಇಟ್ಟು ಅಳಲು ಶುರುಮಾಡಿದರಂತೆ. ಶಾಖೆಯವರೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದರೆ, ಮಾಮ ಕುರ್ಚಿ ಎಳೆದು ಕೂರಿಸಿ ಮೊದಲು ದನದ ಹೆಸರು ಕೇಳಿದರಂತೆ. ಫಾರಮ್ಮಿನಲ್ಲಿ ಹೆಸರಿಗೆ ಜಾಗ ಇಲ್ಲ, ನಂಬರಿಗೆ ಮಾತ್ರ. ಹೆಸರು ಕೇಳಿಯಾದ ಮೇಲೆಯೇ ನಂಬರು ಬರೆದುಕೊಂಡದ್ದು.

ಹೆಂಡತಿಯನ್ನು ಕೊನೆಗೆ ಕೇಳಿ. ಅವರಿಗೆ ನೀವು ತಂದ ಕಥೆಗಳನ್ನು ಹೇಳಿ, “ಇದು ನಿಜವಾ ಅತ್ತೆ?” ಎಂದು ಕೇಳಿ. ಅತ್ತೆ ಮೂರರಲ್ಲಿ ಒಂದನ್ನು ತಳ್ಳಿಹಾಕುತ್ತಾರೆ, ಆದರೆ ಅದರ ಬದಲಿಗೆ ಇನ್ನೊಂದು ಕೊಡುತ್ತಾರೆ. ಉತ್ತರ ಪ್ರದೇಶದ ಸಣ್ಣ ಊರಿಗೆ ವರ್ಗವಾದಾಗ ಅಲ್ಲಿ ಚರ್ಚು ಇರಲಿಲ್ಲ, ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಮೊರಾದಾಬಾದಿಗೆ ಹಿಂದಿ ಆರಾಧನೆಗೆ ಹೋಗುತ್ತಿದ್ದರು, ಅರ್ಥವಾಗದ ಪ್ರಸಂಗ ಮುಗಿದ ಮೇಲೆ ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಮಧ್ಯಾಹ್ನದ ತನಕ ಅಂಗಳದಲ್ಲಿ ಹರಟುತ್ತಿದ್ದರು ಎಂಬುದು ಅತ್ತೆ ಹೇಳಿದ್ದು. ಹುಬ್ಬಳ್ಳಿಗೆ ವರ್ಗವಾದಾಗ ಮಾತ್ರ ಮನೆ ಹುಡುಕುವ ಮೊದಲೇ ಮೇಯರ್ ಮೆಮೋರಿಯಲ್ ಚರ್ಚಿನಲ್ಲಿ ಬೇಸ್ ಹಾಡಲು ಜಾಗ ಗೊತ್ತು ಮಾಡಿಕೊಂಡಿದ್ದರಂತೆ. ವರ್ಗಾವಣೆಯ ಪಟ್ಟಿಯನ್ನು ಹೀಗೆ ಓದಿ. ಪ್ರತಿ ಊರಿನ ಪಕ್ಕದಲ್ಲಿ ಶಾಖೆಯ ಹೆಸರಿನ ಬದಲು ಭಾನುವಾರ ಎಲ್ಲಿ ಹೋಗುತ್ತಿದ್ದರು ಎಂದು ಬರೆದುಕೊಳ್ಳಿ.

ಅವರ ಮಾತನ್ನು ಅವರು ಆಡಿದ ಭಾಷೆಯಲ್ಲೇ ಉಳಿಸಿ. ಸಭೆಯಲ್ಲಿ ನಮ್ಮದು ಕನ್ನಡ, ಮನೆಯಲ್ಲಿ, ದಾರಿಯಲ್ಲಿ ತುಳು. “ಒಣಸ್ ಆಂಡಾ?” (ಊಟ ಆಯಿತಾ?) ಎಂದು ಕೇಳದೆ ಮಾಮ ಯಾವ ಗಿರಾಕಿಯ ಫೈಲನ್ನೂ ತೆರೆದವರಲ್ಲ. ಅದನ್ನು “ಎಲ್ಲರ ಕ್ಷೇಮ ವಿಚಾರಿಸುತ್ತಿದ್ದರು” ಎಂದು ಬರೆದರೆ ಮನುಷ್ಯ ಹೋಗಿ ಸುತ್ತೋಲೆ ಉಳಿಯುತ್ತದೆ.

ಹುದ್ದೆಗಳ ಹೆಸರು ಬಂದಾಗಲೆಲ್ಲ ಕೆಲಸ ಏನೆಂದು ಹೇಳಿ. ಸೀನಿಯರ್ ಮ್ಯಾನೇಜರ್, ಸ್ಕೇಲ್ ಮೂರು ಎಂದರೆ ಬೆಂಚಿನಲ್ಲಿ ಕುಳಿತ ಮೀನು ಮಾರುವ ಹೆಂಗಸಿಗೂ, ಅಮೆರಿಕದಿಂದ ಬಂದ ಮೊಮ್ಮಗಳಿಗೂ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು ಎರಡು ಬೀಗದಕೈಯ ಬಗ್ಗೆ. ಬ್ಯಾಂಕಿನ ತಿಜೋರಿ ಒಬ್ಬರ ಕೈಯಿಂದ ತೆರೆಯುವುದಿಲ್ಲ. ಒಂದು ಕೀಲಿ ಅಧಿಕಾರಿಯ ಬಳಿ, ಒಂದು ಕ್ಯಾಶಿಯರ್ ಬಳಿ. ಇಬ್ಬರೂ ಬಂದರಷ್ಟೇ ಬೆಳಗಾಗುತ್ತದೆ. ಹಾಗಾಗಿ ಮಾಮನಿಗೆ ಜ್ವರ ಬಂದರೂ ಬೆಳಗ್ಗೆ ಒಂಬತ್ತೂವರೆಗೆ ಕೀಲಿ ಶಾಖೆಯಲ್ಲಿ ಇರಬೇಕಿತ್ತು. ಖಜಾಂಚಿಯಾದ ಮೊದಲ ವರ್ಷವೇ ಅವರು ಸಭೆಯ ಕಾಣಿಕೆ ಡಬ್ಬಿಗೂ ಎರಡು ಬೀಗ ಹಾಕಿಸಿದರು. ಎಣಿಸುವಾಗ ಇಬ್ಬರು ಇರಲೇಬೇಕು, ಅವರಿಬ್ಬರು ಒಂದೇ ಮನೆಯವರಾಗಿರಬಾರದು. ಹಿರಿಯರೊಬ್ಬರು “ದೇವರ ಮನೆಯಲ್ಲಿ ಸಂಶಯವಾ?” ಎಂದು ಸಿಟ್ಟಾದರು. ಮಾಮನ ಉತ್ತರ ಸಭೆಯಲ್ಲಿ ಈಗಲೂ ಓಡಾಡುತ್ತದೆ: “ನನ್ನ ಮೇಲೆ ಯಾರೂ ಸಂಶಯಪಡಬಾರದಲ್ಲ, ಅದಕ್ಕೆ ಎರಡನೇ ಬೀಗ.” ಬ್ಯಾಂಕು ಒಂದು ಕಡೆ, ಭಕ್ತಿ ಒಂದು ಕಡೆ ಎಂದು ಬೇರೆ ಬೇರೆ ಪ್ಯಾರಾ ಬರೆಯುವವರಿಗೆ ನಾನು ಹೇಳುವುದು ಇದನ್ನೇ. ಒಂದು ಕಡೆಯ ಅಭ್ಯಾಸ ಇನ್ನೊಂದು ಕಡೆ ಎಲ್ಲಿ ಕಾಣಿಸಿಕೊಂಡಿತು ಎಂದು ಹುಡುಕಿ.

ಈಗ ಎಲ್ಲಕ್ಕಿಂತ ಸೂಕ್ಷ್ಮದ ಮಾತು. ಬ್ಯಾಂಕಿನವರ ಬಗ್ಗೆ ಸಿಗುವ ಅತ್ಯುತ್ತಮ ಕಥೆಗಳು ಬೇರೆಯವರ ಸಾಲದ ಕಥೆಗಳು. ಮಗಳ ಮದುವೆಗೆ ಬಂಗಾರ ಅಡವಿಟ್ಟದ್ದು, ಜಫ್ತಿಯ ನೋಟಿಸು ಬರುವ ಮೊದಲು ಮಾಮ ರಾತ್ರಿ ಮನೆಗೆ ಬಂದು ಎಚ್ಚರಿಸಿದ್ದು, ಕಂತು ಕಟ್ಟಲು ತಮ್ಮ ಕೈಯಿಂದಲೇ ಕೊಟ್ಟದ್ದು. ನೀವು ವಿಚಾರಿಸುತ್ತಾ ಹೋದರೆ ಇವು ತಾವಾಗಿಯೇ ಬರುತ್ತವೆ. ಆ ಮನೆಯವರು ಅದೇ ಚರ್ಚಿನಲ್ಲಿ ಮೂರನೇ ಬೆಂಚಿನಲ್ಲಿ ಕುಳಿತಿರುತ್ತಾರೆ.

ರಾಷ್ಟ್ರೀಕೃತ ಬ್ಯಾಂಕಿಗೆ ಸೇರುವಾಗ ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕಬೇಕು. ಮಾಮ ಅದನ್ನು ನಲವತ್ತು ವರ್ಷ ಪಾಲಿಸಿದರು. ಇಷ್ಟು ಮಾತಾಡುವ ಮನುಷ್ಯ, ಆದರೆ ಯಾರ ಖಾತೆಯಲ್ಲಿ ಎಷ್ಟಿದೆ ಎಂದು ಅತ್ತೆಗೂ ಹೇಳಿದವರಲ್ಲ. ಅವರು ಸತ್ತ ತಿಂಗಳೊಳಗೆ ನಾನು ಧ್ವನಿವರ್ಧಕದಲ್ಲಿ ಓದಿಬಿಟ್ಟರೆ? ಅದಕ್ಕೆ ನಾನು ಒಂದು ಶಿಸ್ತು ಇಟ್ಟುಕೊಂಡಿದ್ದೇನೆ. ಸಾಲಗಾರರ ಅನುಮತಿ ಇಲ್ಲದೆ ಕಥೆ ಇಲ್ಲ. ಅನುಮತಿ ಕೇಳುವುದೇ ಮುಜುಗರ ಎನಿಸಿದರೆ ಹೆಸರು, ಊರು, ವರ್ಷ, ಮೊತ್ತ ಎಲ್ಲ ತೆಗೆದು ನೋಡುತ್ತೇನೆ. ಅಷ್ಟಾದರೂ ಸಣ್ಣ ಸಭೆಯಲ್ಲಿ ಗುರುತು ಸಿಗುವ ಹಾಗಿದ್ದರೆ ಕಥೆಯನ್ನೇ ಬಿಡುತ್ತೇನೆ, ಎಷ್ಟು ಚೆನ್ನಾಗಿದ್ದರೂ. ದನದ ಕಿವಿಯ ಅಜ್ಜಿ ಬೇರೆ ಜಿಲ್ಲೆಯವರು, ಆ ಶಾಖೆಯ ಹೆಸರು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ಇದರ ಬದಲು ಕೃತಜ್ಞತಾ ಆರಾಧನೆಯಲ್ಲಿ ಓದು ಮುಗಿದ ಮೇಲೆ ಸ್ವಲ್ಪ ಹೊತ್ತು ಖಾಲಿ ಬಿಡಲು ಸಭಾಪಾಲಕರನ್ನು ಕೇಳಿಕೊಳ್ಳಿ. ಹೇಳಬೇಕು ಎನಿಸಿದವರು ತಾವೇ ಎದ್ದು ಹೇಳುತ್ತಾರೆ. ಅದು ಅವರ ಸ್ವತ್ತು, ಅವರಿಗೆ ಹಕ್ಕಿದೆ. ಮೊದಲೇ ಯಾರನ್ನೂ ಗೊತ್ತು ಮಾಡಬೇಡಿ, ಗೊತ್ತು ಮಾಡಿದರೆ ಭಾಷಣಗಾರರು ಬರುತ್ತಾರೆ.

ಕಪಾಟಿನ ಮೂಲೆಯಲ್ಲಿ ಕೈಸಾಲದ ಸಣ್ಣ ಪುಸ್ತಕ ಸಿಕ್ಕಿದರೆ? ಸಿಕ್ಕೇ ಸಿಗುತ್ತದೆ. ಅದು ಜೀವನ ವಿವರಕ್ಕೆ ಸೇರಿದ್ದಲ್ಲ, ವಾರಸುದಾರರಿಗೆ ಸೇರಿದ್ದು. ಓದದೆ ಅವರ ಕೈಗೆ ಕೊಡಿ. ಸಾಮಾನ್ಯವಾಗಿ ಮೂರು ವರ್ಷ ದಾಟಿದ ಕೈಸಾಲಕ್ಕೆ ಕೋರ್ಟಿನಲ್ಲೂ ಬಲ ಇಲ್ಲ ಎಂದು ಮಾಮನೇ ಹೇಳುತ್ತಿದ್ದರು, ಹೇಳಿ ಮತ್ತೆ ಕೊಡುತ್ತಿದ್ದರು. ಬೆಳೆ ಹಬ್ಬದಲ್ಲೂ ಹೀಗೆಯೇ. ಒಂದು ಕುಂಬಳಕಾಯಿಯನ್ನು ಏಲಂ ಹಾಕಿ, ಗೆದ್ದವರ ಕೈಯಿಂದ ಮತ್ತೆ ಸಭೆಗೇ ದಾನ ಕೊಡಿಸಿ, ಮತ್ತೆ ಏಲಂ ಹಾಕಿ, ಊರೆಲ್ಲ ನಗುವ ಹಾಗೆ ಬೆಲೆ ಏರಿಸುತ್ತಿದ್ದರು. ಆ ಹುರುಪಿನಲ್ಲಿ ಕೂಗಿ ಆಮೇಲೆ ದುಡ್ಡು ಕೊಡಲಾಗದವರ ಪಟ್ಟಿ ಅವರ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಅದನ್ನು ಯಾವ ಮಹಾಸಭೆಯಲ್ಲೂ ಓದಲಿಲ್ಲ. ಬಾಕಿ ಹೇಗೆ ಸರಿಹೋಗುತ್ತಿತ್ತೆಂದು ಕೇಳಬೇಡಿ, ನಾನೂ ಕೇಳಲಿಲ್ಲ.

ಭಕ್ತಿಯನ್ನು ವಿಶೇಷಣದಲ್ಲಿ ಬರೆಯಬೇಡಿ. ಎಲ್ಲಿ ಕೂರುತ್ತಿದ್ದರು, ಯಾವ ಕೀರ್ತನೆಗೆ ಕಣ್ಣು ಮುಚ್ಚುತ್ತಿದ್ದರು, ಯಾವ ಪ್ರಸಂಗಕ್ಕೆ ಗಡಿಯಾರ ನೋಡುತ್ತಿದ್ದರು, ಅಷ್ಟು ಸಾಕು. ಅವರ ಬೈಬಲನ್ನು ತೆರೆದು ನೋಡಿ, ಗೆರೆ ಎಳೆದ ವಚನದ ಪಕ್ಕದಲ್ಲಿ ದಿನಾಂಕ ಇದ್ದರೆ ಆ ದಿನ ಮನೆಯಲ್ಲಿ ಏನಾಗಿತ್ತು ಎಂದು ಕೇಳಿ. ಒಂದು ಕೋರಿಕೆ: ಹಣಕಾಸಿನವರು ತೀರಿಕೊಂಡಾಗಲೆಲ್ಲ ಬೈಬಲಿನ ಮತ್ತಾಯ 25ರ ತಲಾಂತುಗಳ ಸಾಮ್ಯ, ಒಡೆಯ ಕೊಟ್ಟ ಹಣವನ್ನು ಬೆಳೆಸಿದ ಆಳುಗಳ ಕಥೆ, ಬೇಡ. ಅದನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಮಾಮನಿಗೆ ಇಷ್ಟವಾದದ್ದು ತೆರಿಗೆ ವಸೂಲಿಗಾರ ಜಕ್ಕಾಯನ ಕಥೆ. ಅವನು ಲೆಕ್ಕದವನು ಎಂದಲ್ಲ, ಯೇಸು ಅವನ ಮನೆಗೆ ಅತಿಥಿಯಾಗಿ ಹೋದ ಎಂದು.

ಕೊರತೆಯನ್ನೂ ಬರೆಯಿರಿ, ಒಂದು ಸಾಕು, ಆದರೆ ನಿಜವಾದದ್ದಾಗಿರಲಿ. “ಅವರ ದೋಷ ಎಂದರೆ ಅತಿಯಾದ ಒಳ್ಳೆಯತನ” ಎಂಬುದು ದೋಷವಲ್ಲ, ಮೋಸ. ಮಾಮ ಸಂಬಂಧಿಕರಿಗೆ ತಮ್ಮ ಶಾಖೆಯಿಂದ ಸಾಲ ಕೊಡಲಿಲ್ಲ, ಅರ್ಹತೆ ಇದ್ದವರಿಗೂ ಕೊಡದೆ ಬೇರೆ ಬ್ಯಾಂಕಿಗೆ ಕಳಿಸಿದರು. ನಮ್ಮದೇ ಕುಟುಂಬದಲ್ಲಿ ಈ ಕಾರಣಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಊರಿಡೀ ಮಾತಾಡಿಸಿ ಮನೆಗೆ ಬರುವಾಗ ಅನ್ನ ಆರಿ ತಣ್ಣಗಾಗಿರುತ್ತಿತ್ತು. ಎರಡನ್ನೂ ಬರೆದೆ. ಮೊದಲನೆಯದನ್ನು ಓದುವ ಮುಂಚೆ ಮಾತು ಬಿಟ್ಟವರಿಗೆ ತೋರಿಸಿದೆ. ಅವರು ಒಂದು ಪದ ತಿದ್ದಿಸಿದರು: ‘ಕೊಡಲಿಲ್ಲ’ ಎಂಬ ಕಡೆ ‘ಕೊಡಲೇ ಇಲ್ಲ’.

ಸ್ಮಾರಕ ನಿಧಿ ಮಾಡುವವರಿಗೆ ಒಂದೆರಡು ಮಾತು. ಲೆಕ್ಕದ ಮನುಷ್ಯನ ಹೆಸರಿನಲ್ಲಿ ಲೆಕ್ಕವಿಲ್ಲದ ನಿಧಿ ಇಡಬೇಡಿ. ಒಂದು ಲಕ್ಷ ರೂಪಾಯಿ ಶೇಕಡಾ 6ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ ಬರುವುದು 6,000. ಅದರಲ್ಲಿ ‘ಬಡ ಮಕ್ಕಳ ಉನ್ನತ ಶಿಕ್ಷಣ’ ಎಂದು ಫಲಕ ಹಾಕಿದರೆ ಮ್ಯಾನೇಜರ್ ಮಾಮ ನಗುತ್ತಾರೆ. ನಾವು ‘ಸಂಡೇ ಸ್ಕೂಲಿನ ಒಂದು ಮಗುವಿನ ಶಾಲೆಯ ಪುಸ್ತಕ ಮತ್ತು ಕೊಡೆ’ ಎಂದು ಬರೆದೆವು. ಅಸಲು ಮುಟ್ಟುವಂತಿಲ್ಲ, ಇಬ್ಬರ ಸಹಿ, ಪ್ರತಿ ವರ್ಷದ ವರದಿಯಲ್ಲಿ ಪ್ರತ್ಯೇಕ ಸಾಲು, ಮಗುವಿನ ಹೆಸರು ಮಾತ್ರ ಅಚ್ಚಾಗುವುದಿಲ್ಲ. ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಇದ್ದರೂ 2,000 ರೂಪಾಯಿ ಮೀರಿದ ನಗದು ಕಾಣಿಕೆಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಇಲ್ಲ, ಚೆಕ್ಕಿನಲ್ಲೋ ಯುಪಿಐಯಲ್ಲೋ ತೆಗೆದುಕೊಳ್ಳಿ. ವಿದೇಶದ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ. ದುಬೈಯಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವ ಮಗ ತನ್ನ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ಪಡೆದ ಮಗಳು ಕೊಟ್ಟರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ಮಾಮನ ಮಗಳು ಆ ದುಡ್ಡನ್ನು ಸಭೆಗೆ ಕೊಡದೆ, ಊರಿಗೆ ಬಂದಾಗ ಗಾಯನ ತಂಡಕ್ಕೆಲ್ಲ ಊಟ ಹಾಕಿಸಿದಳು.

ಓದುವವರನ್ನು ಆರಿಸುವಾಗ ಮಕ್ಕಳನ್ನು ಬಿಡಿ, ಗಂಟಲು ಕಟ್ಟುತ್ತದೆ. ಓದಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ; ಕನ್ನಡ ಓದಲು ಬಾರದ ಮೊಮ್ಮಕ್ಕಳು ಕೇಳಲಾದರೂ ಕೇಳುತ್ತಾರೆ. ಪ್ರತಿಯನ್ನು ಸಭೆಯ ಕಚೇರಿಯಲ್ಲಿ ಒಂದು ಇಡಿ, ಮನೆಯಲ್ಲಿ ಒಂದು. ಜೊತೆಗೆ ಬಾಸೆಲ್ ಮಿಷನ್ ಕಾಲದ ಹಳೆಯ ಕಾಗದ, ಫೋಟೋ, ಕೀರ್ತನೆಯ ಕೈಬರಹ ಏನಾದರೂ ಸಿಕ್ಕಿದರೆ ಗುಜರಿಗೆ ಹಾಕುವ ಮೊದಲು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದವರಲ್ಲಿ ಒಂದು ಮಾತು ಕೇಳಿ. ಡೈರಿಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಮೇಲಿನ ಹಲಗೆಯಲ್ಲಿಡಿ. ನಮ್ಮ ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೇ ಬೂಸಲು ಹಿಡಿಯುತ್ತದೆ. ದೀಕ್ಷಾಸ್ನಾನದ ಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ.